ಪಡಸಾಲೆಯ ನಡುವೆ ಬಿಟ್ಟ ಕೂಸು

ಯಾರಾದರೂ ಕುಕ್ಕರಗಾಲಲ್ಲಿ ಕುಳಿತು, ಎರಡೂ ತೋಳು ಚಾಚಿ, ‘ಬಾ, ಬಾ’ ಎಂದು ಕೂಸನ್ನು ಕರೆದರೆ ನನ್ನ ಅಂಗೈ ಈಗಲೂ ಬೆವರುತ್ತದೆ. ಕರೆಯುವವರು ಒಳ್ಳೆಯವರೇ ಇರುತ್ತಾರೆ, ಅದು ನನಗೂ ಗೊತ್ತು. ಹೋದ ತಿಂಗಳು ಬೆಟಗೇರಿಯ ನಮ್ಮ ಮನೆಗೆ ಎದುರುಮನೆಯ ಹಿರಿಯರು ಬಂದಿದ್ದರು. ಮಗ್ಗದ ಕೆಲಸ ಮಾಡಿ ಬೆನ್ನು ಬಾಗಿದ ಸಾಧು ಮನುಷ್ಯ. ಮಗಳು ಪಲ್ಲವಿಯ ಕೂಸಿಗೆ ಆಗಷ್ಟೇ ಹೆಜ್ಜೆ ಬಂದಿತ್ತು. ಅವರು ಬಾಗಿಲ ಬಳಿಯೇ ಕುಕ್ಕರಿಸಿ ತೋಳು ಚಾಚಿದರು. ಕೂಸು ಗೋಡೆ ಬಿಟ್ಟು, ತೂರಾಡುತ್ತ, ನಗುತ್ತ ಅವರ ಕಡೆ ಹೊರಟಿತು. ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಯಾವಾಗ ಬಿತ್ತೋ ತಿಳಿಯದು. ಓಡಿಹೋಗಿ ಕೂಸನ್ನು ರಟ್ಟೆ ಹಿಡಿದು ಎಳೆದುಕೊಂಡೆ. ಕೂಸು ಕಿರುಚಿತು. ಹಿರಿಯರು ಚಾಚಿದ ತೋಳುಗಳನ್ನು ಹಿಂತೆಗೆಯುವುದನ್ನೂ ಮರೆತು ಹಾಗೆಯೇ ಕುಳಿತಿದ್ದರು. ಪಲ್ಲವಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಜೋಳ ಹಸನು ಮಾಡುತ್ತಿದ್ದ ವೈನಿ ಮಾತ್ರ ಮೊರದಿಂದ ತಲೆ ಎತ್ತದೆ ಹೇಳಿದಳು:

“ತಪ್ಪ ತಿಳಕೋಬ್ಯಾಡ್ರಿ ಯಜಮಾನ್ರ. ಆಕಿ ನಿಮ್ಮನ್ನ ನೋಡಲಿಲ್ಲ. ಬ್ಯಾರೇದಾಂವನ್ನ ನೋಡಿದ್ಲು.”

ವೈನಿ ಎಂದರೆ ನನ್ನ ಹೆತ್ತ ತಾಯಿ. ನಮ್ಮ ಕಡೆ ಅತ್ತಿಗೆಗೆ ಹಾಗೆನ್ನುತ್ತಾರೆ. ಅಪ್ಪನ ತಂಗಿಯರು ಆಕೆಯನ್ನು ವೈನಿ ಎನ್ನುತ್ತಿದ್ದರು, ಕೇಳಿ ಕೇಳಿ ನಾನೂ ಹಾಗೆಯೇ ಅಂದೆ, ಯಾರೂ ತಿದ್ದಲಿಲ್ಲ. ‘ಅವ್ವ’ ಎಂಬ ಶಬ್ದ ಆ ಹೊತ್ತಿಗಾಗಲೇ ಬೇರೊಬ್ಬರಿಗೆ ಸಂದಿತ್ತು.

ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಕೂಸು ಹೆತ್ತವಳದ್ದಾಗಿರಲಿಲ್ಲ, ಮನೆಯದ್ದಾಗಿತ್ತು. ಮುಂದೆ ದನ ಕಟ್ಟುವ ಜಾಗ, ಅದನ್ನು ದಾಟಿ ಒಂದು ಮೆಟ್ಟಿಲೆತ್ತರದಲ್ಲಿ ಪಡಸಾಲೆ, ಅದರ ಹಿಂದೆ ನಡುಮನೆ, ಕೊನೆಗೆ ಹೊಗೆ ಹಿಡಿದು ಕಪ್ಪಾದ ಅಡುಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲ ಕೋಲು ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯ ನಡುವೆ ನಿಲ್ಲುತ್ತಿತ್ತು. ವೈನಿ ನನಗೆ ಹಾಲು ಕೊಡುತ್ತಿದ್ದದ್ದು ನಡುಮನೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ. ಕುಡಿಸಿ ಮುಗಿದೊಡನೆ ಕೂಸನ್ನು ಹೊರಗೆ ದಾಟಿಸಬೇಕು. ಅತ್ತೆ, ಭಾವ, ಹಿರಿಯರು ಯಾರೇ ಎದುರಿಗಿರಲಿ, ತಾನು ಹೆತ್ತ ಕೂಸನ್ನು ತಾನೇ ಎತ್ತಿ ಮುದ್ದಾಡುವುದು ಸೊಸೆಯಾದವಳಿಗೆ ನಾಚಿಕೆಗೇಡಿನ ಸಂಗತಿ. ಕೂಸು ಕಾಲ ಬಳಿ ಬಿದ್ದು ಅತ್ತರೂ ಆಕೆ ಕೈಚಾಚುವಂತಿಲ್ಲ, ಬೇರೆ ಯಾರಾದರೂ ಎತ್ತಿಕೊಳ್ಳಬೇಕು. ಬೇರೆ ಯಾರಾದರೂ ಎತ್ತಿಕೊಳ್ಳುತ್ತಿದ್ದರು ಕೂಡ. ಆ ಮನೆಯಲ್ಲಿ ಕೂಸಿನ ಅಳು ನೆಲ ಮುಟ್ಟುವ ಮೊದಲೇ ಯಾರದೋ ತೊಡೆ ಸಿಗುತ್ತಿತ್ತು. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಅಪ್ಪನ ಅಣ್ಣ, ಅಂದರೆ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ನನ್ನ ಅಜ್ಜಿ, ಆಯಿ, ವೈನಿಗೆ ಹೇಳಿದ ಮಾತನ್ನು ಆಮೇಲೆ ಎಷ್ಟೋ ಬಾಯಿಂದ ಕೇಳಿದ್ದೇನೆ:

“ಹಡದೀ ಅಂತ ಎತ್ತಿಕೊಂಡು ತಿರಗಬ್ಯಾಡ. ಹಡೀಲಾರದಾಕಿ ಎದೀಗೆ ಚೂರಿ ಹಾಕಿದಂಗ ಆಗತೈತಿ.”

ತೊಟ್ಟಿಲಿಗೆ ಹಾಕಿದ ದಿನವೇ ಆಯಿ ನನ್ನನ್ನು ಎತ್ತಿ ದೊಡ್ಡವ್ವನ ಉಡಿಯಲ್ಲಿ ಹಾಕಿದಳು. ದೊಡ್ಡವ್ವ ಸೆರಗಿನಲ್ಲಿ ಸುತ್ತಿಕೊಂಡವಳು ಮತ್ತೆ ಕೆಳಗಿಳಿಸಿದ್ದು ನನಗೆ ನೆನಪಿಲ್ಲ. ಆಕೆಯೇ ನನ್ನ ಅವ್ವ. ಅಗಲವಾದ ಅಂಗೈ, ಒಲೆಯ ಮುಂದೆ ಕೂತು ಕೂತು ಕೆಂಪಾದ ಮುಖ, ಸೆರಗಿಗೆ ಸದಾ ಜೋಳದ ಹಿಟ್ಟಿನ ವಾಸನೆ. ಆಕೆ ರೊಟ್ಟಿ ಬಡಿಯುವಾಗ ನಾನು ಆಕೆಯ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಅಂಗೈ ಕಲ್ಲಿಗೆ ಬೀಳುವ ಸದ್ದು ಆಕೆಯ ಬೆನ್ನಿನ ಮೂಲಕ ನನ್ನೊಳಗೆ ಬರುತ್ತಿತ್ತು. ಮೊದಲ ರೊಟ್ಟಿಯ ಮೇಲೆ ಉಬ್ಬಿದ ತೆಳು ಪದರ, ಹಪ್ಪಳೆಯನ್ನು, ಕಿತ್ತು, ಊದಿ, ಹಿಂದಕ್ಕೆ ಕೈ ಮಾಡಿ ನನ್ನ ಬಾಯಿಗಿಡುತ್ತಿದ್ದಳು. ನೋಡದೆಯೇ ಆ ಕೈ ನನ್ನ ಬಾಯಿ ಹುಡುಕಿಕೊಳ್ಳುತ್ತಿತ್ತು.

ದೊಡ್ಡಪ್ಪನನ್ನೂ ನಾನು ಅಷ್ಟೇ ಪ್ರೀತಿಸಿದ್ದೆ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಪೇಟೆಯಲ್ಲಿ ಅವನದು ಕಾಳಿನ ಅಡತಿ ಅಂಗಡಿ. ಸಂಜೆ ಮನೆಗೆ ಬಂದವನು ಕೈಕಾಲು ತೊಳೆಯುವ ಮೊದಲೇ ಪಡಸಾಲೆಯ ಅಂಚಿನಲ್ಲಿ ಕುಕ್ಕರಿಸಿ ಎರಡೂ ತೋಳು ಚಾಚುತ್ತಿದ್ದ.

“ಬಾರವ್ವಾ ನನ್ನ ಸಾವಕಾರ್ತಿ! ಇವತ್ತಿನ ಪ್ಯಾಟಿ ಧಾರಣಿ ಹೇಳತೀನಿ ಬಾ!”

ನಾನು ಎಲ್ಲಿದ್ದರೂ ಓಡುತ್ತಿದ್ದೆ. ಅವನು ನನ್ನನ್ನು ಮಾಳಿಗೆಯ ತೊಲೆ ಮುಟ್ಟುವಷ್ಟು ಮೇಲಕ್ಕೆ ಎತ್ತುತ್ತಿದ್ದ. ಅಂಗಿಯ ಜೇಬಿನಲ್ಲಿ ಚುರಮುರಿ ಇರುತ್ತಿತ್ತು. ಅದೇ ಕೈಗಳು ದೊಡ್ಡವ್ವನನ್ನು ಹೊಡೆಯುತ್ತಿದ್ದವು. ರೊಟ್ಟಿ ಆರಿದ್ದಕ್ಕೆ, ನೀರು ಕಾಯದಿದ್ದಕ್ಕೆ, ಪೇಟೆಯಲ್ಲಿ ಯಾರೋ ಅಂದ ಮಾತಿಗೆ. ಒಂದು ಸಂಜೆ ನನ್ನನ್ನು ಎಡಗೈಯಲ್ಲಿ ಎತ್ತಿಕೊಂಡಿದ್ದವನು, ಇಳಿಸದೆಯೇ, ಬಲಗೈಯಿಂದ ಆಕೆಯ ಕಿವಿಗೆ ಹೊಡೆದ. ಹೊಡೆಯುವ ಮುನ್ನ ಅವನ ಹೆಗಲು ಬಿಗಿದದ್ದು, ಆಮೇಲೆ ಸಡಿಲಾದದ್ದು, ಎರಡೂ ನನ್ನ ಎದೆಗೆ ಗೊತ್ತಾದವು. ದೊಡ್ಡವ್ವ ಗೋಡೆ ಹಿಡಿದು ನಿಂತಳು. ನಾನು ಬಾಯಿ ತೆರೆದು ಅಳಲು ಶುರುಮಾಡುವಷ್ಟರಲ್ಲಿ ಬಂದು ಅವನ ತೋಳಿನಿಂದ ನನ್ನನ್ನು ಬಿಡಿಸಿಕೊಂಡಳು.

“ಅಂಜಬ್ಯಾಡ ನನ್ನವ್ವಾ. ನನಗಲ್ಲ ಹೊಡದದ್ದು. ನೊಣ ಕುಂತಿತ್ತು, ನೊಣಕ್ಕ ಹೊಡದ್ರು.”

ಅಂದಿನಿಂದ ನನ್ನ ಲೆಕ್ಕದಲ್ಲಿ ಆ ಸದ್ದಿಗೆ ನೊಣ ಎಂದೇ ಹೆಸರು. ದೊಡ್ಡವ್ವನ ಮೇಲೆ ತುಂಬ ನೊಣ ಕೂರುತ್ತಿದ್ದವು.

ಮುಂದೆ ಗದುಗಿನ ಕಾಲೇಜಿನಲ್ಲಿ ಬಿ.ಎ. ಓದುವಾಗ ಮನಃಶಾಸ್ತ್ರದ ಮೇಷ್ಟ್ರು ಒಂದು ಪ್ರಯೋಗದ ಬಗ್ಗೆ ಪಾಠ ಮಾಡಿದರು. ಪರದೇಶದ ಒಂದು ಕೋಣೆ. ಕೂಸು, ತಾಯಿ, ಆಟಿಕೆ. ಅಪರಿಚಿತರೊಬ್ಬರು ಒಳಗೆ ಬರುತ್ತಾರೆ. ತಾಯಿ ಹೊರಗೆ ಹೋಗುತ್ತಾಳೆ, ಸ್ವಲ್ಪ ಹೊತ್ತಿಗೆ ಮರಳುತ್ತಾಳೆ. ಆಗ ಕೂಸು ಓಡಿ ಬಂದು ಅಪ್ಪಿಕೊಳ್ಳುತ್ತದೆಯೋ, ಮುಖ ತಿರುವುತ್ತದೆಯೋ, ಅಪ್ಪಿಕೊಂಡೂ ಒದೆಯುತ್ತದೆಯೋ ನೋಡಿ ಅದರ ಒಲವು ಎಂಥದೆಂದು ಹೇಳುತ್ತಾರೆ. ಕೆಲವು ನಾಡುಗಳಲ್ಲಿ ಕೂಸನ್ನು ಮೊದಲಿನಿಂದಲೂ ಒಂಟಿಯಾಗಿ ಮಲಗಿಸಿ ರೂಢಿ ಮಾಡಿಸುತ್ತಾರೆ, ಅಂಥ ಕೂಸು ತಾಯಿ ಹೋದರೂ ಅಷ್ಟಾಗಿ ಅಳದು; ಇನ್ನು ಕೆಲವೆಡೆ ತಾಯಿಯ ಬೆನ್ನು ಬಿಟ್ಟು ಇಳಿಯುವುದೇ ಇಲ್ಲ, ಅಂಥದನ್ನು ಕೋಣೆಯಲ್ಲಿ ಬಿಟ್ಟರೆ ಸಮಾಧಾನ ಮಾಡಲಾಗದಷ್ಟು ಅಳುತ್ತದೆ; ಹಾಗೆಂದು ಒಂದರ ಪ್ರೀತಿ ಕಡಿಮೆ, ಒಂದರದು ಹೆಚ್ಚು ಎನ್ನಲಾಗದು ಎಂದೂ ಹೇಳಿದರು. ನಾನು ಎದ್ದುನಿಂತು ಕೇಳಿದೆ:

“ಸರ್, ಕೂಸಿಗೆ ಇಬ್ಬರು ತಾಯಂದಿರಿದ್ರ? ಮತ್ತ ಅಂಜಿಕಿ ಹುಟ್ಟಸಾಂವನ ಮ್ಯಾಲೇನ ಅದಕ್ಕ ಜೀವ ಇದ್ರ?”

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ‘ಅಂಥ ಕೂಸು ಯಾವ ಕಡೆ ಹೋಗಬೇಕೆಂದು ತಿಳಿಯದೆ ನಡುವೆ ನಿಂತುಬಿಡುತ್ತದೆ’ ಎಂದರು. ನಾನು ಕುಳಿತುಕೊಂಡೆ. ನನ್ನ ಕಣ್ಣ ಮುಂದೆ ಪಡಸಾಲೆ ಇತ್ತು, ನಡುವೆ ಬಿಸಿಲ ಕೋಲು ಇತ್ತು. ನಮ್ಮ ಓಣಿಯ ಹಿರಿಯರು ನನ್ನ ಮೇಲೆ ಇದೇ ಪ್ರಯೋಗ ಮಾಡಿದ್ದರು.

ಅದು ಅಣ್ಣತಮ್ಮಂದಿರ ನಡುವೆ ಆಸ್ತಿ ಪಾಲಾದ ದಿನ. ಅದರ ಹಿಂದಿನ ವಾರ ಪೇಟೆಯಲ್ಲಿ, ಹಮಾಲರೆಲ್ಲ ನೋಡುತ್ತಿರುವಂತೆ, ದೊಡ್ಡಪ್ಪ ಅಪ್ಪನ ಎದೆಗೆ ಒದ್ದಿದ್ದ. ಅಪ್ಪ ಮೆತ್ತಗಿನವನು, ಎದ್ದು ಧೂಳು ಕೊಡವಿಕೊಂಡು ಮನೆಗೆ ಬಂದು, ‘ನನ್ನ ಹಿಸ್ಸೆ ಕೊಡ್ರಿ’ ಎಂದಷ್ಟೇ ಹೇಳಿದನಂತೆ. ಮೂವರು ಹಿರಿಯರು ಬಂದು ಕಂಬಳಿಯ ಮೇಲೆ ಕುಳಿತರು. ಬೆಳಗಿನಿಂದ ಎಲ್ಲ ಎರಡು ಗುಡ್ಡೆಯಾಗುತ್ತ ಹೋಯಿತು. ಹಂಡೆ ಆ ಕಡೆ, ಕೊಪ್ಪರಿಗೆ ಈ ಕಡೆ. ಕುಡಗೋಲು ಆ ಕಡೆ, ಸಲಿಕೆ ಈ ಕಡೆ. ಕೊಡಲಿ ಒಂದೇ ಇತ್ತು. ಅದು ಯಾರಿಗೆಂದು ತೀರ್ಮಾನವಾಗದೆ ಎರಡೂ ಗುಡ್ಡೆಗಳ ನಡುವೆ ಬಿದ್ದಿತ್ತು. ಮನೆಯ ನಡುವೆ ಗೋಡೆ ಎಬ್ಬಿಸುವುದೆಂದೂ ಆಯಿ ದೊಡ್ಡ ಮಗನ ಕಡೆ ಇರುವುದೆಂದೂ ಮಾತಾಯಿತು. ಇಷ್ಟಾದ ಮೇಲೆ ದೊಡ್ಡಪ್ಪ ನನ್ನ ಮಾತೆತ್ತಿದ.

“ಕೂಸು ನಮ್ಮದು. ತೊಟ್ಟಲದಾಗ ಹಾಕಿದ ದಿನಾನ ಆಯಿ ನಮ್ಮ ಉಡಿಯಾಗ ಹಾಕ್ಯಾಳ. ಅದಕ್ಕ ಪಾಲಿಲ್ಲ.”

“ಹಡದಾಕಿ ಇಲ್ಲೇ ಜೀವಂತ ನಿಂತಾಳಲ್ಲೋ ಅಣ್ಣಾ,” ಎಂದ ಅಪ್ಪ.

“ಹಡದಾಕಿ ಒಂದು ದಿನಾರ ಎತ್ತಿಕೊಂಡಿದ್ದು ಯಾರರ ನೋಡೀರೇನು? ಕೇಳ್ರಿ ಓಣ್ಯಾಗ!”

ಯಾರೂ ನೋಡಿರಲಿಲ್ಲ. ನೋಡುವಂತಿರಲಿಲ್ಲ ಎಂಬುದೇ ಆ ಮನೆಯ ಮರ್ಯಾದೆಯಾಗಿತ್ತು. ಆ ಮರ್ಯಾದೆಯೇ ಅಂದು ವೈನಿಯ ವಿರುದ್ಧ ಸಾಕ್ಷಿಯಾಯಿತು. ಪಟಗ ಸುತ್ತಿದ ಹಿರಿಯರೊಬ್ಬರು ಯೋಚಿಸಿ ಹೇಳಿದರು:

“ಕೂಸಿನ ಮನಸ್ಸು ದೇವರ ಮನಸ್ಸು. ನಡುವ ಬಿಡ್ರಿ. ಯಾರೂ ಕರೀಬ್ಯಾಡ್ರಿ. ತಾನಾಗಿ ಯಾರ ಕಡೆ ಹೋಗತೈತೋ ಅವರದು.”

ನನಗೆ ಮೂರು ತುಂಬಿತ್ತು. ಇದರಲ್ಲಿ ನಾನು ಕಂಡದ್ದೆಷ್ಟು, ಆಮೇಲೆ ಕೇಳಿದ್ದೆಷ್ಟು ಎಂದು ಬೇರೆ ಮಾಡಲಾರೆ. ಎದುರುಮನೆಯ ಬಳೆಗಾರ್ತಿ ಹುಸೇನಬಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು, ಎಷ್ಟೋ ಸಲ ನನಗೆ ಹೇಳಿದ್ದಾಳೆ. ಆದರೆ ಅಂಗಾಲಿಗೆ ತಾಗಿದ ಬಿಸಿಲು ನನ್ನದೇ ನೆನಪು. ಒಂದು ಕಡೆ ಅಡುಗೆಮನೆಯ ಬಾಗಿಲಲ್ಲಿ ದೊಡ್ಡವ್ವ. ಆಕೆಯ ಮುಖ ಪೂರ್ತಿ ಕಾಣುತ್ತಿತ್ತು, ಕಣ್ಣು ನನ್ನ ಮೇಲಿದ್ದವು. ಇನ್ನೊಂದು ಕಡೆ ಕಂಬದ ಪಕ್ಕ ವೈನಿ. ಹಿರಿಯರಿದ್ದರೆಂದು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ನೆಲ ನೋಡುತ್ತಿದ್ದಳು. ತನ್ನ ಕೂಸು ತನಗೆ ಉಳಿಯುತ್ತದೋ ಇಲ್ಲವೋ ಎಂಬ ಗಳಿಗೆಯಲ್ಲೂ ಆಕೆ ಅತ್ತೆಯ ಮುಂದೆ, ಭಾವನ ಮುಂದೆ, ನನ್ನ ಕಡೆ ಕಣ್ಣೆತ್ತಲಿಲ್ಲ. ನನಗೆ ಒಂದು ಕಡೆ ನನ್ನ ಅವ್ವನ ಮುಖ ಕಂಡಿತು, ಇನ್ನೊಂದು ಕಡೆ ಒಂದು ಸೆರಗು ಕಂಡಿತು. ನಾನು ದೊಡ್ಡವ್ವನ ಕಡೆ ನಡೆದೆ.

“ಆತು, ಮುಗೀತು,” ಎಂದರು ಹಿರಿಯರು.

ಮುಗಿಯಲಿಲ್ಲ. ದೊಡ್ಡವ್ವನ ಕೈ ನನ್ನನ್ನು ತಾಗುವ ಮೊದಲೇ ಹಿಂದಿನಿಂದ ಯಾರೋ ನನ್ನ ಸೊಂಟ ಹಿಡಿದು ಎಳೆದರು. ಸೆರಗು ಬಿದ್ದು, ಕೂದಲು ಬಿಚ್ಚಿಕೊಂಡು, ಹಿರಿಯರ ಕಂಬಳಿಯನ್ನು ತುಳಿದು ಬಂದಿದ್ದಳು ವೈನಿ. ಆಯಿ ಚೀರಿದಳು, ‘ಲಜ್ಜಿಗೇಡಿ! ತಲಿ ಮ್ಯಾಲೆ ಸೆರಗಿಲ್ಲ!’ ಆ ಹೊತ್ತಿಗೆ ಅಪ್ಪನಿಗೂ ಎಲ್ಲಿಂದಲೋ ಧೈರ್ಯ ಬಂದು, ಅಣ್ಣನ ಎದೆಗೆ ಎರಡೂ ಕೈ ಕೊಟ್ಟು ನೂಕಿದ. ದೊಡ್ಡಪ್ಪ ಪಾತ್ರೆಗಳ ಗುಡ್ಡೆಯ ಮೇಲೆ ಬಿದ್ದ. ಹಂಡೆ ಉರುಳಿ ದನಗಳ ಕಡೆ ಹೋಯಿತು. ಎದ್ದಾಗ ಅವನ ಕೈಯಲ್ಲಿ ಪಾಲಾಗದೆ ಉಳಿದಿದ್ದ ಕೊಡಲಿ ಇತ್ತು. ಅವನು ಬೀಸಿದ್ದು ಅಪ್ಪನ ಮೇಲೆ. ಅಪ್ಪ ಪಕ್ಕಕ್ಕೆ ಸರಿದ. ಅವನ ಹಿಂದೆ ವೈನಿ ಇದ್ದಳು. ಆಕೆ ಓಡಲಿಲ್ಲ. ನನ್ನನ್ನು ಕೆಳಗೆ ಹಾಕಿ ಮೇಲೆ ಬೋರಲು ಬಿದ್ದಳು. ಕೊಡಲಿಯ ಅಲಗು ಆಕೆಯ ಹಣೆಯಂಚನ್ನು ಸವರಿ ಬಲ ಹೆಗಲಿಗೆ ಇಳಿಯಿತು.

ಒಣ ಕಟ್ಟಿಗೆ ಸೀಳಿದಂತಿರಲಿಲ್ಲ ಆ ಸದ್ದು. ಹಸಿಯಾಗಿತ್ತು. ಈಗಲೂ ಸಂತೆಯಲ್ಲಿ ಕಲ್ಲಂಗಡಿ ಕೊಯ್ಯುವವನ ಹತ್ತಿರ ನಾನು ನಿಲ್ಲಲಾರೆ. ನನ್ನ ಮುಖ ನೆಲಕ್ಕೆ ಒತ್ತಿತ್ತು, ಮೇಲೆ ಆಕೆಯ ಪೂರ್ತಿ ಭಾರ. ಬಿಸಿಯಾದದ್ದೇನೋ ನನ್ನ ಕಿವಿಯೊಳಗೆ, ಕತ್ತಿನೊಳಗೆ ಇಳಿಯುತ್ತಿತ್ತು. ಅಳಲು ಉಸಿರಿರಲಿಲ್ಲ. ಎಲ್ಲೋ ದೊಡ್ಡವ್ವ ಕೂಗುತ್ತಿದ್ದಳು. ನನಗೆ ಆಕೆಯ ಬಳಿ ಹೋಗಬೇಕಾಗಿತ್ತು, ಈ ಭಾರ ಬಿಡುತ್ತಿರಲಿಲ್ಲ. ಬಾಯಿಗೆ ಒಂದು ತೋಳು ಸಿಕ್ಕಿತು. ಕಚ್ಚಿದೆ. ಹಾಲುಹಲ್ಲಿನಲ್ಲಿ ಎಷ್ಟು ಬಲವಿರುತ್ತದೆಯೋ ಅಷ್ಟೂ ಹಾಕಿ ಕಚ್ಚಿದೆ. ತೋಳು ಸಡಿಲಾಗಲಿಲ್ಲ, ಇನ್ನೂ ಬಿಗಿಯಾಯಿತು. ಆಮೇಲಿನದು ನನಗೆ ಗೊತ್ತಿಲ್ಲ.

ಗದುಗಿನ ಆಸ್ಪತ್ರೆಯಲ್ಲಿ, ಕಟ್ಟಿಗೆ ಒಡೆಯುವಾಗ ಕೈ ಜಾರಿತು ಎಂದು ಹೇಳಿದರಂತೆ. ಹಿರಿಯರು ಹಾಗೆ ಹೇಳಿಸಿದರು, ಮನೆತನದ ಮಾತು ಹೊರಗೆ ಹೋಗಬಾರದೆಂದು. ತನ್ನ ಹೆಗಲಿನ ಹಿಂಭಾಗಕ್ಕೆ ತಾನೇ ಕೊಡಲಿ ಹಾಕಿಕೊಳ್ಳುವುದು ಹೇಗೆಂದು ಯಾರೂ ಕೇಳಲಿಲ್ಲ. ವೈನಿ ಮರಳುವ ಹೊತ್ತಿಗೆ ಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತ್ತು, ಪಡಸಾಲೆ ಎರಡಾಗಿತ್ತು. ಅಲ್ಲಿಯವರೆಗೂ ನಾನು ದೊಡ್ಡವ್ವನ ಕಡೆಯೇ ಇದ್ದೆ. ವೈನಿ ಬಂದ ದಿನ ದೊಡ್ಡವ್ವ ನನ್ನ ತಲೆ ಬಾಚಿ, ಹೂವಿಟ್ಟು, ಎತ್ತಿಕೊಂಡು ಬೀದಿ ಸುತ್ತಿ ಈ ಕಡೆಯ ಬಾಗಿಲಿಗೆ ಬಂದಳು. ವೈನಿ ಗೋಡೆಗೊರಗಿ ಕುಳಿತಿದ್ದಳು. ಬಲಗೈ ಎದೆಗೆ ಕಟ್ಟಿತ್ತು. ದೊಡ್ಡವ್ವ ನನ್ನನ್ನು ಆಕೆಯ ಉಡಿಯಲ್ಲಿ ಇಳಿಸಿದಳು.

“ತಗೋ ತಂಗಿ.”

“ಅಕ್ಕಾ, ಇದು ನಿಮ್ಮದ...”

“ಸುಮ್ಕಿರು. ಆ ಮನ್ಯಾಗ ಕೊಡ್ಲಿ ಐತಿ. ನನ್ನ ಮಗಳು ಕೊಡ್ಲಿ ಇರೋ ಮನ್ಯಾಗ ಬೆಳೀಬಾರದು.”

ನಾನು ಆಕೆಯ ಸೆರಗು ಹಿಡಿದುಕೊಂಡೆ. ಆಕೆ ನನ್ನ ಬೆರಳನ್ನು ಒಂದೊಂದಾಗಿ ಬಿಡಿಸಿ, ಹಿಂತಿರುಗಿ ನೋಡದೆ ಹೋದಳು. ವೈನಿಯ ತೊಡೆ ನನಗೆ ಹೊಸದು. ಅದರಲ್ಲಿ ಆಸ್ಪತ್ರೆಯ ಔಷಧಿಯ ವಾಸನೆ. ನಾನು ಉಣ್ಣಲಿಲ್ಲ. ಅನ್ನ ಬಾಯಿಗಿಟ್ಟರೆ ಉಗುಳಿದೆ, ಎತ್ತಿಕೊಳ್ಳಲು ಬಂದರೆ ಒದ್ದೆ. ಹೋಗಿ ಹೊಸ ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಮರುದಿನ ಮುಂಜಾನೆ ಗೋಡೆ ಸದ್ದು ಮಾಡಿತು. ಆಚೆ ಕಡೆ ದೊಡ್ಡವ್ವ ಒಲೆಯನ್ನು ಕಿತ್ತು ತಂದು ಗೋಡೆಯ ಬುಡಕ್ಕೇ ಹಾಕಿಕೊಂಡಿದ್ದಳು. ರೊಟ್ಟಿ ಬಡಿಯುವ ಆ ಅಂಗೈ ಸದ್ದು ಹಸಿ ಮಣ್ಣಿನ ಮೂಲಕ ನನ್ನ ಬೆನ್ನಿಗೆ ಬಂತು. ನಾನು ಬಾಯಿ ತೆರೆದೆ. ವೈನಿ ಕ್ಷಣ ಹೊತ್ತು ನನ್ನನ್ನು, ಗೋಡೆಯನ್ನು ನೋಡಿದಳು. ಆಮೇಲೆ ಎಡಗೈಯಲ್ಲಿ ರೊಟ್ಟಿಯ ಹಪ್ಪಳೆ ಕಿತ್ತು, ಊದಿ, ಹಿಂದಿನಿಂದ ಕೈ ತಂದು ನನ್ನ ಬಾಯಿಗಿಟ್ಟಳು. ಎದುರಿಗೆ ಬರಲಿಲ್ಲ. ಹೀಗೆ ಅವರಿಬ್ಬರೂ ಒಂದು ಮಾತಾಡದೆ, ಗೋಡೆಯ ಆಚೆ ಒಬ್ಬಳು ಬಡಿಯುತ್ತ ಈಚೆ ಒಬ್ಬಳು ಉಣಿಸುತ್ತ, ನನ್ನನ್ನು ಉಳಿಸಿಕೊಂಡರು. ಆಚೆಯಿಂದ ರೊಟ್ಟಿಯ ಸದ್ದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬರುತ್ತಿತ್ತು. ಹಿಟ್ಟಿಲ್ಲದೆ ಬರೀ ಕಲ್ಲನ್ನೇ ಬಡಿಯುತ್ತಿದ್ದಳೆಂದು ಹುಸೇನಬಿ ಆಮೇಲೆ ಹೇಳಿದಳು.

ಕೂಸನ್ನು ಕೊಟ್ಟುಬಂದದ್ದಕ್ಕೆ ದೊಡ್ಡಪ್ಪ ಆಕೆಯನ್ನು ಕ್ಷಮಿಸಲಿಲ್ಲ. ಗೋಡೆಯ ಮೂಲಕ ಇನ್ನೊಂದು ಸದ್ದೂ ಬರತೊಡಗಿತು. ಅಪ್ಪ ಅದನ್ನು ಕೇಳಿದಾಗೆಲ್ಲ ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಒಂದು ಮಧ್ಯಾಹ್ನ ರೊಟ್ಟಿಯ ಸದ್ದು ನಡುವೆಯೇ ನಿಂತಿತು. ನಾನು ಕಾದೆ. ಆಮೇಲೆ ಗೋಡೆಗೆ ಏನೋ ಭಾರವಾದದ್ದು ಬಡಿಯಿತು, ಮತ್ತೆ ಬಡಿಯಿತು, ಮಣ್ಣು ನನ್ನ ತಲೆಯ ಮೇಲೆ ಉದುರಿತು. ನಾನು ಎದ್ದುಹೋಗಿ ವೈನಿಯ ಸೀರೆ ಎಳೆದೆ. ಗೋಡೆಯ ಈ ಕಡೆಗೆ ಬಂದ ಮೇಲೆ ನಾನಾಗಿ ಆಕೆಯ ಬಳಿ ಹೋದದ್ದು ಅದೇ ಮೊದಲು.

“ವೈನೀ, ಅಲ್ಲೆ ನೊಣ ಬಂದೈತಿ. ಭಾಳ ದೊಡ್ಡ ನೊಣ.”

ವೈನಿಗೆ ಅರ್ಥವಾಯಿತು. ಆ ಸುಳ್ಳನ್ನು ದೊಡ್ಡವ್ವ ಹೇಳುವಾಗ ಆಕೆಯೂ ಎಷ್ಟೋ ಸಲ ಅಲ್ಲಿಯೇ ಇದ್ದಳು. ಮೂಲೆಯಲ್ಲಿದ್ದ ಒನಕೆಯನ್ನು ಎಡಗೈಯಲ್ಲಿ ಹಿಡಿದು ಬೀದಿಗಿಳಿದಳು. ಬಲಗೈ ಇನ್ನೂ ಮೇಲೆ ಏಳುತ್ತಿರಲಿಲ್ಲ. ನಾನು ಹಿಂದೆ ಓಡಿದೆ. ಹುಸೇನಬಿ ಬಳೆಯ ಮಲಾರ ಅಲ್ಲಿಯೇ ಬಿಟ್ಟು ಎದ್ದುಬಂದಳು. ಆ ಕಡೆಯ ಪಡಸಾಲೆಯಲ್ಲಿ ಹೊಗೆ ತುಂಬಿತ್ತು. ದೊಡ್ಡವ್ವ ಗೋಡೆಯ ಬುಡದಲ್ಲಿ ಕುಸಿದಿದ್ದಳು. ಬಾಯಿಯಿಂದ ರಕ್ತ, ಕೈಯಲ್ಲಿ ಇನ್ನೂ ಹಸಿ ಹಿಟ್ಟು. ದೊಡ್ಡಪ್ಪನ ಬಲಗೈಯಲ್ಲಿ ಒಲೆಯಿಂದ ಕಿತ್ತ ಕೊಳ್ಳಿ, ಅದರ ತುದಿ ಕೆಂಪಗಿತ್ತು. ಆಯಿ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕುಳಿತಿದ್ದಳು.

“ಯಾಕ ಬಂದಿ?” ಎಂದ.

“ನಮ್ಮ ಅಕ್ಕನ್ನ ಕರಕೊಂಡು ಹೋಗಾಕ.”

“ಆಕಿ ನನ್ನ ಹಿಸ್ಸೆ. ಹೊಳ್ಳಿ ಹೋಗು, ಇಲ್ಲಂದ್ರ ಇನ್ನೊಂದು ಹೆಗಲೂ ಹೋದೀತು.”

ಬಾಗಿಲಿನಿಂದ ಹುಸೇನಬಿ ಕೂಗಿದಳು, ಓಣಿಗೆಲ್ಲ ಕೇಳುವಂತೆ:

“ಏ ಸಾವಕಾರ, ಒಂದ ಕೈ ಹೆಣ್ಮಗಳ ಮುಂದ ಎರಡು ಕೈ ಗಂಡಸು ಹೆಂಗ ನಿಂತಾನ ನೋಡಾಕ ಬಂದೀನಿ! ಬರ್ರೇ, ಎಲ್ಲಾರೂ ಬರ್ರಿ, ಪುಕ್ಕಟೆ ಐತಿ!”

ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದರು. ದೊಡ್ಡಪ್ಪ ಅತ್ತ ನೋಡಿದ. ನೋಡಿದವನ ಕಣ್ಣು ಕೆಳಗಿಳಿದು, ವೈನಿಯ ಸೀರೆಯ ಪಕ್ಕ ನಿಂತಿದ್ದ ನನ್ನ ಮೇಲೆ ಬಿತ್ತು. ಆಗ ಅವನ ಮುಖ ಬದಲಾಯಿತು. ನಾನು ಈ ನಲವತ್ತು ದಾಟಿದ ವಯಸ್ಸಿನಲ್ಲೂ ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಕ್ಷಣದಲ್ಲಿ. ಅದು ನಟನೆಯಾಗಿರಲಿಲ್ಲ. ನಿಜವಾದ ಸಂತೋಷದಿಂದ ಅವನ ಮುಖ ಅರಳಿತು. ಕುಕ್ಕರಗಾಲಲ್ಲಿ ಕುಳಿತು ಎರಡೂ ತೋಳು ಚಾಚಿದ. ಬಲಗೈಯಲ್ಲಿ ಕೊಳ್ಳಿ ಹಾಗೆಯೇ ಇತ್ತು, ಅದನ್ನು ಹಿಡಿದಿದ್ದೇನೆಂಬುದೇ ಅವನಿಗೆ ಮರೆತಿತ್ತು.

“ಬಾರವ್ವಾ ನನ್ನ ಸಾವಕಾರ್ತಿ.”

ನನ್ನ ಕಾಲು ಹೊರಟವು. ನಾನು ಹೊರಟೆ ಎನ್ನಲಾರೆ, ಕಾಲು ಹೊರಟವು. ದೊಡ್ಡವ್ವನ ಬಾಯಿಯ ರಕ್ತ ಕಾಣುತ್ತಿತ್ತು, ಕೊಳ್ಳಿಯ ಕೆಂಪು ಕಾಣುತ್ತಿತ್ತು, ಆ ತೋಳುಗಳೂ ಕಾಣುತ್ತಿದ್ದವು. ಹೆದರಿದ ಕೂಸು ತನ್ನವರ ಕಡೆ ಓಡುತ್ತದೆ. ನನ್ನ ಹೆದರಿಕೆಯೂ ಅವನೇ, ನನ್ನವನೂ ಅವನೇ. ವೈನಿ ಒನಕೆ ಬಿಟ್ಟು ನನ್ನನ್ನು ಹಿಡಿಯುವಂತಿರಲಿಲ್ಲ, ಒನಕೆ ಹಿಡಿದ ಕೈ ಒಂದೇ ಇತ್ತು. ಕೊಳ್ಳಿಯ ಬಿಸಿ ಮುಖಕ್ಕೆ ತಾಗುವಷ್ಟು ಹತ್ತಿರ ಹೋಗಿದ್ದೆ. ಆಗ ನೆಲದ ಮೇಲಿಂದ ದೊಡ್ಡವ್ವ ಕೂಗಿದಳು. ಹುಟ್ಟಿದಾಗಿನಿಂದ ನನಗೆ ಒಂದು ಗಟ್ಟಿ ಮಾತಾಡದವಳು, ಬಾಯಿಯ ರಕ್ತ ಉಗುಳಿ ಕೂಗಿದಳು:

“ಹೋಗಽ ದರಿದ್ರದಾಕಿ! ನೀ ನನ್ನ ಮಗಳಲ್ಲ! ಇನ್ನೊಂದು ಹೆಜ್ಜಿ ಇಟ್ರ ಕಾಲ ಮುರೀತೀನಿ! ನಿಮ್ಮವ್ವನ ಕಡೆ ಹೋಗು!”

ನಾನು ನಿಂತೆ. ಪಡಸಾಲೆಯ ನಡುವೆ ಎರಡನೆಯ ಸಲ ನಿಂತೆ. ಆಕೆಯ ಕಣ್ಣಲ್ಲಿ ನನಗೆ ಪರಿಚಯವಿದ್ದದ್ದು ಏನೂ ಇರಲಿಲ್ಲ. ಮೂತ್ರ ಕಾಲ ಮೇಲೆ ಇಳಿಯಿತು. ಆಮೇಲೆ ತಿರುಗಿ ವೈನಿಯ ಮೊಳಕಾಲಿಗೆ ಮುಖ ಒತ್ತಿ ಹಿಡಿದುಕೊಂಡೆ. ದೊಡ್ಡಪ್ಪ ತನ್ನ ಚಾಚಿದ ತೋಳುಗಳನ್ನು ನೋಡಿದ. ಆಗಲೇ ಕೊಳ್ಳಿ ಅವನ ಕಣ್ಣಿಗೆ ಬಿದ್ದಿರಬೇಕು. ಅದನ್ನು ಒಲೆಗೆ ಎಸೆದು, ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಅವನ ಹಣೆಯಿಂದ ರಕ್ತ ಬಂದರೂ ಆಯಿಯನ್ನು ಬಿಟ್ಟು ಯಾರೂ ಅವನ ಬಳಿ ಹೋಗಲಿಲ್ಲ. ವೈನಿ ಒನಕೆಯನ್ನು ಹುಸೇನಬಿಯ ಕೈಗೆ ಕೊಟ್ಟು, ದೊಡ್ಡವ್ವನನ್ನು ಎಬ್ಬಿಸಿ, ಆಕೆಯ ಭಾರವನ್ನು ತನ್ನ ಒಳ್ಳೆಯ ಹೆಗಲಿಗೆ ಹಾಕಿಕೊಂಡು ಬೀದಿಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಆಮೇಲೆ ಆಕೆ ಯಾರ ಮುಂದೆಯೂ ಹೊದ್ದುಕೊಳ್ಳಲಿಲ್ಲ.

ದೊಡ್ಡವ್ವ ಸಾಯುವವರೆಗೂ ನಮ್ಮೊಂದಿಗಿದ್ದಳು, ಲಕ್ಷ್ಮೇಶ್ವರದಲ್ಲಿ, ಆಮೇಲೆ ಇಲ್ಲಿ ಬೆಟಗೇರಿಯಲ್ಲಿ. ನಾನು ಇಬ್ಬರ ನಡುವೆ ಮಲಗಿ ಬೆಳೆದೆ. ಆದರೂ ಕಾಲೇಜಿನ ಆ ಪಾಠದ ನಂತರ ಒಂದು ಮುಳ್ಳು ನನ್ನೊಳಗೆ ಉಳಿಯಿತು. ವೈನಿಯ ಎಡ ಮುಂಗೈಯ ಒಳಬದಿಯಲ್ಲಿ ಪುಟ್ಟ ಹಲ್ಲುಗಳ ಅರ್ಧಚಂದ್ರದಂಥ ಕಲೆ ಇದೆ. ತನ್ನ ಜೀವ ಕೊಟ್ಟು ಕಾಯುತ್ತಿದ್ದವಳನ್ನು ಕಚ್ಚಿ ಬಿಡಿಸಿಕೊಳ್ಳಲು ನೋಡಿದ ಕೂಸು ಯಾವ ಜಾತಿಯದು? ಆಕೆ ಆ ಕೈಯಿಂದ ನನಗೆ ಅನ್ನ ಬಡಿಸಿದಾಗೆಲ್ಲ ನಾನು ಅನ್ನವನ್ನಷ್ಟೇ ನೋಡುತ್ತಿದ್ದೆ. ಕೇಳುವ ಧೈರ್ಯವಿರಲಿಲ್ಲ. ಆಕೆ ಹೇಳಲೂ ಇಲ್ಲ.

ಹಾಲಿನ ಪಾತ್ರೆ ಬಿದ್ದ ದಿನ, ಎದುರುಮನೆಯವರು ಹೋದ ಮೇಲೆ, ಪಲ್ಲವಿ ನನ್ನ ಮೇಲೆ ಹರಿಹಾಯ್ದಳು.

“ಕೂಸಿನ ಕೈ ಉಳುಕಿದ್ರ ಏನ್ ಮಾಡ್ತಿದ್ದಿ ಅವ್ವಾ? ಹಿಂಗ ಅಂಜಿಸಿದ್ರ ಅದರ ಮನಸ್ಸಿನ ಮ್ಯಾಲೆ ಏನ್ ಆಗತೈತಿ ಗೊತ್ತೈತೇನು? ಕೂಸಿಗೆ ಒಬ್ಬರೇ ಬೇಕಂತ, ಹತ್ತು ಕೈ ಬದಲಾಗಬಾರದಂತ. ಮೊಬೈಲ್‌ನ್ಯಾಗ ಎಲ್ಲಾ ಕೊಟ್ಟಾರ.”

“ಹಂಗಾರ ನಿಮ್ಮವ್ವ ಹುಚ್ಚಿ ಆಗಬೇಕಿತ್ತು,” ಎಂದಳು ವೈನಿ. ಮೊರ ಪಕ್ಕಕ್ಕಿಟ್ಟು, “ತಾ ಇಲ್ಲೆ,” ಎಂದು ಅಳುವ ಕೂಸನ್ನು ತೊಡೆಗೆ ಹಾಕಿಕೊಂಡಳು. ಕೂಸಿಗೆ ಹಲ್ಲು ಬರುತ್ತಿದ್ದವು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಕಾಲ. ಬಿಕ್ಕುತ್ತಲೇ ವೈನಿಯ ಎಡ ಮುಂಗೈ ಹಿಡಿದು, ಆ ಹಳೆಯ ಕಲೆಯ ಮೇಲೆಯೇ ಕಚ್ಚಿತು. ಪಲ್ಲವಿ ಓಡಿಬಂದಳು.

“ಛೀ, ಕಚ್ಚಬಾರದು! ಬಿಡು, ದೊಡ್ಡಜ್ಜಿಗೆ ನೋವಾಗತೈತಿ!”

“ಬಿಡಸಬ್ಯಾಡ. ಕಚ್ಚಲಿ.”

ವೈನಿ ಕೈ ಅಲುಗಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ನಾನು ನೆಲದ ಮೇಲಿನ ಹಾಲು ಒರೆಸುತ್ತಿದ್ದೆ.

“ಅವತ್ತು ಕಣ್ಣಾಗ ರಕ್ತ ಇಳದು ನನಗ ಏನೂ ಕಾಣವಲ್ದಾಗಿತ್ತು. ಬಲಗೈ ಸತ್ತು ಹೋಗಿತ್ತು. ಕೆಳಗ ನೀ ಅಲುಗಾಡವಲ್ಲಿ, ಅಳವಲ್ಲಿ. ಕೊಡ್ಲಿ ನನ್ನ ದಾಟಿ ನಿನಗೂ ಬಿತ್ತು, ಕೂಸು ಹೋತು ಅಂದಕೊಂಡೆ. ಎದ್ದು ಏನ್ ಮಾಡೋದು, ನಾನೂ ಹೋಗೋಣ ಅಂತ ಕಣ್ಣು ಮುಚ್ಚಿದ್ದೆ.”

ಕೂಸು ಬಾಯಿ ಬಿಟ್ಟು, ಉಸಿರೆಳೆದು, ಮತ್ತೆ ಕಚ್ಚಿತು. ವೈನಿ ಅದರ ನೆತ್ತಿ ನೇವರಿಸಿದಳು.

“ಅಷ್ಟರಾಗ ನೀ ಕಚ್ಚಿದಿ.”